ಮೇಷ್ಟ್ರ ಬಲಭುಜ

ಆಂಬುಲೆನ್ಸ್ ಠಾಣೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರೇನೂ ಬೆತ್ತ ಹಿಡಿದವರಲ್ಲ, ಯಾವ ಶಾಲೆಯಲ್ಲೂ ಸಂಬಳ ತೆಗೆದುಕೊಂಡವರಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲು ಅವರ ಗಾಡಿಗೇ ಹತ್ತಿಸುವುದು ಠಾಣೆಯ ವಾಡಿಕೆ. ಒಂದಷ್ಟು ತಿಂಗಳು ಅವರ ಕೈಲಿ ಬೈಸಿಕೊಂಡವರು ಆಮೇಲೆ ಯಾವ ಗಾಡಿಗೆ ಹೋದರೂ ಬದುಕಿಕೊಳ್ಳುತ್ತಾರೆ ಅನ್ನುವ ನಂಬಿಕೆ. ಮೇಷ್ಟ್ರ ಬಾಯಿ ಹಾಗಿತ್ತು. ಪಟ್ಟಿ ಸಡಿಲವಾಗಿ ಕಟ್ಟಿದವನಿಗೆ, "ಇದೇನು ಕಾಲಿಗೆ ಕಟ್ಟಿದ್ಯೋ, ಹೂದಾನಿಗೆ ಸುತ್ತಿದ್ಯೋ?" ಅನ್ನುತ್ತಿದ್ದರು. ಆದರೆ ಬೈಸಿಕೊಂಡವರು ಯಾರೂ ಅವರ ಹಿಂದೆ ಕೆಟ್ಟದಾಗಿ ಮಾತಾಡಿದ್ದಿಲ್ಲ.

ಹಾಗೆ ಬೈಸಿಕೊಂಡವರಲ್ಲಿ ಅವರ ಸ್ವಂತ ತಂಗಿಯೂ ಒಬ್ಬಳು.

ತಂಗಿ ಅವರಿಗಿಂತ ತುಂಬ ಚಿಕ್ಕವಳು. ಅವಳ ಗಂಡ ಅನ್ನಿಸಿಕೊಂಡವನು ಒಂದು ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು, ತಲೆ ಬಾಚಿಕೊಂಡು ಹೊರಗೆ ಹೋದವನು ತಿರುಗಿ ಬರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಒಂದು ಚೀಲ ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು, ಅಡುಗೆಮನೆ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು ಅತ್ತೇ ಅತ್ತಳು. ಮೇಷ್ಟ್ರು ಅದನ್ನು ಎಷ್ಟು ದಿನ ನೋಡಿದರೋ, ಒಂದು ದಿನ ಶೂ ಹಾಕಿಕೊಳ್ಳುತ್ತಾ ಅಂದರು, "ಅತ್ತಿದ್ದು ಸಾಕು. ಅಳೋದಕ್ಕೆ ಸಂಬಳ ಕೊಡೋರು ಯಾರೂ ಇಲ್ಲ. ನಾಳೆಯಿಂದ ತರಬೇತಿಗೆ ಬಾ."

ಹೆಂಡತಿ ಒಳಗಿನಿಂದ, "ಸರಿ ಹೋಯ್ತು. ಬೆರಳು ಕುಯ್ದುಕೊಂಡ್ರೆ ಕಣ್ಣು ಮುಚ್ಚಿಕೊಳ್ಳೋಳು ಇವಳು. ರಕ್ತ ಕಂಡ್ರೆ ಬಿದ್ದುಬಿಡ್ತಾಳೆ ರೀ," ಅಂದಳು.

"ಬೀಳ್ಲಿ. ಎಬ್ಬಿಸೋದಕ್ಕೆ ನಾನಿಲ್ವಾ?"

ಅವಳು ನಿಜವಾಗಿಯೂ ಒಮ್ಮೆ ಬಿದ್ದಳು, ಮೊದಲನೇ ವಾರದಲ್ಲೇ. ಆಮೇಲೆ ಬೀಳಲಿಲ್ಲ. ಕೆಲವೇ ವರ್ಷದಲ್ಲಿ ಅವಳು ಮೇಷ್ಟ್ರ ಗಾಡಿಗೇ ಖಾಯಂ ಆದಳು. ಎರಡು ಬೀದಿ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದು ತನ್ನ ಪಾಡಿಗೆ ತಾನು ಬದುಕತೊಡಗಿದಳು. ಅಣ್ಣ ಕಣ್ಣು ಮಿಟುಕಿಸಿದರೆ ಸಾಕು, ಯಾವ ಡಬ್ಬಿಯಿಂದ ಏನು ತೆಗೆಯಬೇಕು ಅಂತ ಅವಳಿಗೆ ತಿಳಿಯುತ್ತಿತ್ತು. ಠಾಣೆಯವರು ಅವಳನ್ನು ಮೇಷ್ಟ್ರ ಬಲಗೈ ಅಂದರು. ಅವರ ಡ್ರೈವರ್, ಬಾಯಿ ಮುಚ್ಚಿದ್ದೇ ಇಲ್ಲದ್ದರಿಂದ ರೇಡಿಯೋ ಅಂತ ಹೆಸರಾದವನು, "ಅಣ್ಣ ತಂಗಿ ಇಬ್ರೂ ಹಿಂದೆ ಕೂತಿದ್ರೆ ಪೇಷಂಟ್‌ಗೆ ಸಾಯೋಕೂ ಪರ್ಮಿಷನ್ ಬೇಕು," ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಮೇಷ್ಟ್ರ ಬಲಭುಜ ಕೆಟ್ಟದ್ದು ಒಂದು ದಿನದಲ್ಲಲ್ಲ. ಊರಿನ ಲಿಫ್ಟ್ ಇಲ್ಲದ ಕಟ್ಟಡಗಳೆಲ್ಲ ಸೇರಿ ಮಾಡಿದ ಕೆಲಸ ಅದು. ಸ್ಟ್ರೆಚರ್ ಹಿಡಿದು ಮೆಟ್ಟಿಲಿಳಿಯುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬೀಳುತ್ತದೆ, ಆ ಜಾಗವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಮೊದಮೊದಲು ಅಂಗಿ ಬಿಚ್ಚುವಾಗ ಚಳಕು ಹೊಡೆಯುತ್ತಿತ್ತು. ಆಮೇಲೆ ಮೇಲಿನ ಕಪಾಟಿನ ಡಬ್ಬಿಗೆ ಕೈ ಹೋಗದಾಯಿತು. ತಮ್ಮನ್ನು ಯಾರೂ ಗುರುತಿಸದಷ್ಟು ದೂರದ ಒಂದು ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರು. ಒಳಗೆ ನಾರು ಹರಿದಿದೆ, ಆಪರೇಷನ್ ಮಾಡಿದರೆ ಸರಿಹೋಗಬಹುದು, ಆದರೆ ಬಹಳ ದಿನ ವಿಶ್ರಾಂತಿ ಬೇಕು, ಅಲ್ಲಿಯವರೆಗೂ ಭಾರ ಎತ್ತಬೇಡಿ ಅಂದರು ಡಾಕ್ಟರು.

"ಮೀನಿಗೆ ನೀರಿಗಿಳಿಬೇಡ ಅಂದ ಹಾಗಾಯ್ತು," ಅಂತ ಮನೆಗೆ ಬಂದು ಹೆಂಡತಿಯ ಹತ್ತಿರ ನಕ್ಕರು. ಅವಳು ನಗಲಿಲ್ಲ. ದಿನಾ ಸಂಜೆ ಮುಲಾಮು ತಿಕ್ಕುವುದು, ಭುಜದ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುವುದು, ಇವೆರಡು ಅವಳ ಪಾಲಿಗೆ ಬಂದವು.

ತಂಗಿಗೆ ಯಾರೂ ಹೇಳಲಿಲ್ಲ. ಆದರೆ ಇಡೀ ದಿನ ಎದುರುಬದುರು ನಿಂತು ಒಂದೇ ದೇಹವನ್ನು ಎತ್ತುವವರಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಅವಳು ಏನೂ ಅನ್ನದೆ ಸ್ಟ್ರೆಚರಿನ ಭಾರದ ಕಡೆಗೆ ಮೊದಲೇ ಹೋಗಿ ನಿಲ್ಲತೊಡಗಿದಳು. ಎದೆ ಬಡಿತ ನಿಂತವರ ಹತ್ತಿರ ಹೋದಾಗ, "ನಾನು ಒತ್ತುತ್ತೀನಿ ಅಣ್ಣ, ನೀನು ಉಸಿರು ಕೊಡು," ಅನ್ನುತ್ತಿದ್ದಳು. ಅವಳಿಗೆ ಗೊತ್ತಾಗಿದೆ ಅಂತ ಮೇಷ್ಟ್ರಿಗೂ ಗೊತ್ತಾಯಿತು. ಇಬ್ಬರೂ ಆ ಮಾತೆತ್ತಲಿಲ್ಲ. ಹೀಗೇ ಒಂದು ವರ್ಷ ಕಳೆಯಿತು.

ಆಮೇಲೆ ಆ ಮೆಟ್ಟಿಲಿನ ಮಧ್ಯಾಹ್ನ ಬಂತು.

ಹಳೆಯ ಕಟ್ಟಡ. ಮೇಲಿನ ಮಹಡಿಯಲ್ಲಿದ್ದ ಒಬ್ಬ ದರ್ಜಿ ಕೆಳಗಿಳಿಯುತ್ತಾ ಮೆಟ್ಟಿಲ ತಿರುವಿನಲ್ಲಿ ಕುಸಿದಿದ್ದ. ಅಳತೆಯ ಟೇಪು ಇನ್ನೂ ಕೊರಳಲ್ಲಿತ್ತು. ತಿರುವು ಎಷ್ಟು ಇಕ್ಕಟ್ಟೆಂದರೆ ಎದೆಯ ಪಕ್ಕ ಮಂಡಿಯೂರಲು ಒಬ್ಬರಿಗೇ ಜಾಗ. ತಂಗಿ ಆಕ್ಸಿಜನ್ ಸಿಲಿಂಡರ್ ಹೊತ್ತು ಬರುವಷ್ಟರಲ್ಲಿ ಮೇಷ್ಟ್ರು ಮುಂದೆ ಹೋಗಿದ್ದರು, ಅವರೇ ಒತ್ತಲು ಶುರು ಮಾಡಿದರು. ತಂಗಿ ತಲೆಯ ಕಡೆ ಕೂತಳು. ಶಾಕ್ ಕೊಡುವ ಯಂತ್ರ ಹಚ್ಚಿದರೆ, ಶಾಕ್ ಬೇಡ, ಒತ್ತುತ್ತಲೇ ಇರಿ ಅಂತ ಅದು ಹೇಳಿತು.

ಸ್ವಲ್ಪ ಹೊತ್ತಿಗೆ ತಂಗಿ, "ಅಣ್ಣ, ನಾನು ಬರ್ಲಾ?" ಅಂದಳು.

"ಬೇಡ."

ಮತ್ತೊಂದು ಸುತ್ತು ಆದಮೇಲೆ, "ಜಾಗ ಬದಲಾಯಿಸೋಣ ಅಣ್ಣ."

"ಬೇಡ ಅಂದೆನಲ್ಲ."

ದರ್ಜಿಯ ಮಗಳು ಮೇಲಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಮೇಷ್ಟ್ರ ಕೈಗಳನ್ನೇ ನೋಡುತ್ತಿದ್ದಳು. ಆ ನೋಟದ ಕೆಳಗೆ, ಎದ್ದು ಹೆಂಗಸಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುವುದು ಅವರಿಂದ ಆಗಲಿಲ್ಲ. ಕೈ ಕೆಳಗಿನ ಎದೆಗೂಡು ಇಳಿಯಬೇಕಾದಷ್ಟು ಇಳಿಯುತ್ತಿಲ್ಲ ಅಂತ ಅವರ ಅಂಗೈಗೆ ಗೊತ್ತಿತ್ತು. ಹಲ್ಲು ಕಚ್ಚಿ ಒತ್ತಿದರು. ಕೊನೆಗೆ ಡ್ರೈವರ್ ರೇಡಿಯೋ ಮೇಲೆ ಹತ್ತಿ ಬಂದು ಮೂವರೂ ಸೇರಿ ಇಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, "ನೀವು ಹೋಗೋ ಹೊತ್ತಿಗೇ ಮುಗಿದಿತ್ತು ಅನ್ಸುತ್ತೆ," ಅಂದರು. ಆ ಮಾತಿನ ಕೊನೆಯ ಪದವನ್ನು ಬಿಟ್ಟು ಉಳಿದಿದ್ದನ್ನು ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡರು. ವಾಪಸು ಬರುವಾಗ ತಂಗಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಅವತ್ತು ರೇಡಿಯೋ ಕೂಡ ಮಾತಾಡಲಿಲ್ಲ.

ಇದಾದ ಕೆಲವೇ ದಿನಕ್ಕೆ ಅರ್ಹತಾ ಪತ್ರ ನವೀಕರಣದ ಸುದ್ದಿ ಬಂತು. ಮೂರು ವರ್ಷಕ್ಕೊಮ್ಮೆ ಬರುವುದೇ ಅದು. ಇಷ್ಟು ದಿನ ತರಗತಿಯಲ್ಲಿ ಕೂತು ತೂಕಡಿಸಿ, ಹಾಜರಿ ಹಾಕಿ ಬಂದರೆ ಮುಗಿಯುತ್ತಿತ್ತು. ಈ ಸಲ ನಿಯಮ ಬದಲಾಗಿತ್ತು. ಹಳಬರಿರಲಿ ಹೊಸಬರಿರಲಿ, ಪ್ರತಿಯೊಬ್ಬರೂ ಹೊರಗಿನ ಪರೀಕ್ಷಕರ ಎದುರು ಕೈಯಲ್ಲಿ ಮಾಡಿ ತೋರಿಸಬೇಕು. ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ದಬ್ಬೆ ಕಟ್ಟುವುದು, ರೋಗಿಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುವುದು, ಕೊನೆಗೆ ಜೋಡಿಯಾಗಿ ಎದೆ ಒತ್ತಿ ಉಸಿರು ಕೊಡುವುದು. ಒತ್ತುವ ಬೊಂಬೆಗೆ ದೀಪ ಇರುತ್ತದೆ. ಸಾಕಷ್ಟು ಆಳಕ್ಕೆ ಒತ್ತಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಪಾಸಾಗದವರು ಗಾಡಿ ಹತ್ತುವಂತಿಲ್ಲ.

"ನಿಮಗೇನು ಬಿಡಿ ಮೇಷ್ಟ್ರೇ," ಅಂದ ಸೂಪರ್‌ವೈಸರ್. "ಅಕ್ಷರ ಕಲಿಸಿದವರಿಗೇ ಅಕ್ಷರ ತಿದ್ದಿಸೋದಕ್ಕೆ ಬರ್ತಿದ್ದಾರೆ."

ಮೇಷ್ಟ್ರು ಠಾಣೆಯಿಂದ ಹಳೆಯ ಬೊಂಬೆಯೊಂದನ್ನು ಮನೆಗೆ ತಂದರು. ದೀಪ ಗೀಪ ಏನೂ ಇಲ್ಲದ್ದು, ಸೊಂಟದಿಂದ ಕೆಳಗೂ ಏನೂ ಇಲ್ಲದ್ದು. ಅದು ಮುಂದಿನ ಕೋಣೆಯಲ್ಲಿ ಕುರ್ಚಿಗಳ ನಡುವೆ ಮಲಗಿದ್ದನ್ನು ನೋಡಿ ಹೆಂಡತಿ ಅದಕ್ಕೆ ಭಾವಮೈದ ಅಂತ ಹೆಸರಿಟ್ಟಳು. "ಬಂದವನು ಹೋಗೋ ಮಾತಾಡಲ್ಲ, ಬಿದ್ದಲ್ಲಿಂದ ಏಳಲ್ಲ, ಇನ್ನೇನನ್ನಲಿ?" ಅಂದಳು. ಸಂಜೆ ಡ್ಯೂಟಿ ಮುಗಿಸಿ ತಂಗಿ ಬರುತ್ತಿದ್ದಳು. ಅಣ್ಣ ತಂಗಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವರು. ಅತ್ತಿಗೆಯ ಕಾಲಿಗೆ ದಬ್ಬೆ ಕಟ್ಟುವರು. ಒಂದು ದಿನ ಕಟ್ಟಿದ್ದನ್ನು ಬಿಚ್ಚುವುದು ಮರೆತು ಇಬ್ಬರೂ ವಾದಕ್ಕಿಳಿದಾಗ ಅವಳು ಕುರ್ಚಿಯಿಂದಲೇ, "ಒಲೆ ಮೇಲೆ ಹಾಲಿದೆ. ಉಕ್ಕಿದರೆ ಮುರಿದ ಕಾಲಲ್ಲಿ ನಾನು ಹೋಗಬೇಕಾ?" ಅಂದಳು. ನಗುನಗುತ್ತಾ ಕಳೆದ ಸಂಜೆಗಳೂ ಇದ್ದವು.

ಆದರೆ ಬೊಂಬೆಯ ಸರದಿ ಬಂದಾಗ ಮೇಷ್ಟ್ರು ಒಂದು ಸುತ್ತು ಒತ್ತಿ, "ಇದು ಬರುತ್ತೆ, ಮುಂದಿನದು ನೋಡು," ಅಂತ ಏಳುತ್ತಿದ್ದರು.

"ಎರಡು ನಿಮಿಷ ಪೂರ್ತಿ ಮಾಡು ಅಣ್ಣ. ಅಲ್ಲಿ ಮಾಡಿಸ್ತಾರೆ."

"ಗುರುವಿಗೇ ತಿರುಮಂತ್ರವಾ?"

ತಂಗಿ ಬೊಂಬೆಯನ್ನು ಗೋಡೆ ಬದಿಗೆ ಸರಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಗೇಟಿನ ಹತ್ತಿರ ನಿಂತವಳು ಬಾಯಿ ಬಿಟ್ಟಳು.

"ಅಣ್ಣ, ಭುಜಕ್ಕೆ ಏನಂದ್ರು ಡಾಕ್ಟರು?"

"ಯಾವ ಭುಜ?"

"ಸೂಪರ್‌ವೈಸರ್ ಹತ್ರ ಮಾತಾಡು. ಪರೀಕ್ಷೆ ಮುಂದಕ್ಕೆ ಹಾಕಿಸಿಕೋ. ಆಪರೇಷನ್ ಮಾಡಿಸಿಕೊಂಡು ವಾಸಿಯಾದ ಮೇಲೆ ಕೊಟ್ರಾಯ್ತು. ಯಾರೂ ಏನೂ ಅನ್ನಲ್ಲ."

"ಒಂದು ಸಲ ಇಳಿದರೆ ಮತ್ತೆ ಗಾಡಿ ಹತ್ತಿಸ್ತಾರೆ ಅಂದ್ಕೊಂಡಿದ್ದೀಯಾ? ಈ ವಯಸ್ಸಲ್ಲಿ?" ಮೇಷ್ಟ್ರು ಧ್ವನಿ ತಗ್ಗಿಸಿದರು. "ಜೋಡಿ ಪರೀಕ್ಷೆಗೆ ನೀನೇ ಇರ್ತೀಯಲ್ಲ. ಎರಡು ನಿಮಿಷದ ಮಾತು. ಅಲ್ಲಿ ಇಲ್ಲಿ ಸ್ವಲ್ಪ ನೋಡಿಕೊಂಡ್ರೆ ಆಯ್ತು."

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಓದ್ಕೊಳ್ಳೋದಿದೆ, ಬರ್ತೀನಿ," ಅಂತ ಹೊರಟಳು. ಮೇಷ್ಟ್ರು ಅದನ್ನು ಒಪ್ಪಿಗೆ ಅಂತಲೇ ತೆಗೆದುಕೊಂಡರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು, ತಾವೇ ಕೈ ಹಿಡಿದು ಎಬ್ಬಿಸಿದವಳು, ಬೇರೆ ಏನು ತಾನೇ ಮಾಡಿಯಾಳು?

ಪರೀಕ್ಷೆ ತರಬೇತಿ ಕೇಂದ್ರದ ದೊಡ್ಡ ಹಾಲಿನಲ್ಲಿ. ಸಾಲಾಗಿ ಮೇಜು, ಪ್ರತಿ ಮೇಜಿಗೊಬ್ಬ ಪರೀಕ್ಷಕರು. ಮೇಷ್ಟ್ರು ಬೆಳಿಗ್ಗೆಯಿಂದ ಒಂದೊಂದೇ ಮೇಜು ದಾಟುತ್ತಾ ಬಂದರು. ರಕ್ತ ನಿಲ್ಲಿಸುವ ಮೇಜಿನಲ್ಲಿ ಅವರ ಕೈಚಳಕ ನೋಡಿ ಪರೀಕ್ಷಕರು, "ಸಾಕು ಸಾಕು, ನಿಮಗೇನು ಪರೀಕ್ಷೆ, ನೀರು ಕುಡೀರಿ," ಅಂದರು. ಮಧ್ಯಾಹ್ನ ನೋವಿನ ಮಾತ್ರೆ ಎರಡು ನುಂಗಿ ಜೋಡಿ ಪರೀಕ್ಷೆಗೆ ಹೋದರು.

ಅಲ್ಲಿದ್ದ ಪರೀಕ್ಷಕಿ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟ ಹೆಂಗಸು. ದೊಡ್ಡವರು ಅಂತ ಮೇಷ್ಟ್ರೇ ಮೊದಲು ಒತ್ತಲು ಕೂತರು. ಮೂವತ್ತು ಒತ್ತು, ಎರಡು ಉಸಿರು. ಮೊದಲ ಸುತ್ತು ಹಸಿರು, ಎರಡನೆಯದೂ ಹಸಿರು. ಮೂರನೆಯದರ ನಡುವೆ ಭುಜ ಕೈಕೊಟ್ಟಿತು. ಭಾರವನ್ನು ಎಡಕ್ಕೆ ಹಾಕಿದರು. ದೀಪ ಕೆಂಪಾಯಿತು, ಒಮ್ಮೆ ಹಸಿರಾಗಿ ಮತ್ತೆ ಕೆಂಪಾಯಿತು. ಓರೆಗಣ್ಣಲ್ಲಿ ನೋಡಿದರೆ ಪರೀಕ್ಷಕಿ ದೀಪದ ಕಡೆ ನೋಡುತ್ತಿರಲಿಲ್ಲ. ತಂಗಿ ಮಾಸ್ಕ್ ಹಿಡಿದ ರೀತಿಯನ್ನು ಬಗ್ಗಿ ನೋಡುತ್ತಿದ್ದಳು. ಇನ್ನೊಂದು ಸ್ವಲ್ಪ ಹೊತ್ತು, ಅಷ್ಟೇ, ಅಂದುಕೊಂಡರು ಮೇಷ್ಟ್ರು.

ಆಗ ತಂಗಿ, ಗಾಡಿಯಲ್ಲಿ ಮಾತಾಡುವ ಅದೇ ಧ್ವನಿಯಲ್ಲಿ, ಹಾಲಿಗೆಲ್ಲ ಕೇಳುವ ಹಾಗೆ ಅಂದಳು, "ಒತ್ತಡ ಸಾಲ್ತಿಲ್ಲ. ಬದಲಾಯಿಸೋಣ."

ಮೇಷ್ಟ್ರು ಕೇಳಿಸದವರಂತೆ ಒತ್ತುತ್ತಲೇ ಇದ್ದರು.

"ನಾನು ತಗೊಳ್ತೀನಿ. ಬಿಡು." ಅವಳು ಮಾಸ್ಕ್ ಕೆಳಗಿಟ್ಟು ಬಂದು ಅವರ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿಯೇಬಿಟ್ಟಳು. ಅವಳ ಕೈ ಕೆಳಗೆ ಹಸಿರು ಬಂತು, ಹಸಿರೇ ಉಳಿಯಿತು. ಪರೀಕ್ಷಕಿ ಕನ್ನಡಕ ಏರಿಸಿ ದೀಪ ನೋಡಿದಳು, ಮೇಷ್ಟ್ರನ್ನು ನೋಡಿದಳು, ಬರೆದುಕೊಂಡಳು.

ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದಳು. "ಭುಜಕ್ಕೆ ಏನಾಗಿದೆ?"

"ಏನಿಲ್ಲ ಮೇಡಂ."

"ಏನಾದ್ರೂ ಇದ್ರೆ ಈಗಲೇ ಹೇಳಿ. ಮುಂದಕ್ಕೆ ಹಾಕೋಕೆ ದಾರಿ ಇದೆ."

"ಏನಿಲ್ಲ."

"ಸರಿ. ಸಾಯಂಕಾಲ ಇನ್ನೊಂದು ಅವಕಾಶ ಕೊಡ್ತೀವಿ. ಬೇರೆಯವರ ಜೊತೆ ಮಾಡಿ."

ಸಾಯಂಕಾಲ ಜೊತೆಗೆ ಸಿಕ್ಕಿದ್ದು ಅವರೇ ಕಲಿಸಿ ಬೆಳೆಸಿದ ಒಬ್ಬ, ಈಗ ಬೇರೆ ಗಾಡಿಯವನು. ದೀಪ ಕೆಂಪಾದದ್ದು ಅವನಿಗೆ ಎದುರಿಗೇ ಕಾಣುತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಕಣ್ಣು ಕೂಡ ಎತ್ತಲಿಲ್ಲ. ಮೇಷ್ಟ್ರಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಕೆಂಪಿನಲ್ಲಿ ಶುರುವಾದ ಸುತ್ತು ಕೆಂಪಿನಲ್ಲೇ ಮುಗಿಯಿತು.

ಅವರನ್ನು ಗಾಡಿಯಿಂದ ಇಳಿಸಿ ಕಂಟ್ರೋಲ್ ರೂಮಿನಲ್ಲಿ ಫೋನ್ ಮುಂದೆ ಕೂರಿಸಿದರು. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿಸಿದರು, ಅದೇ ಅವರಿಗೆ ನುಂಗಲಾರದ ತುತ್ತಾಯಿತು.

ರಜದ ದಿನ ತಂಗಿ ಮನೆಗೆ ಬಂದಳು. ಬಾಗಿಲು ತೆರೆದ ಅತ್ತಿಗೆ, "ಬಾ ಅನ್ನೋಕೆ ಬಾಯಿ ಬರ್ತಿಲ್ಲ ನನಗೆ. ಬಂದಾಗಿದೆ, ಕೂತ್ಕೋ," ಅಂದಳು.

ಅವಳು ಕೂರಲಿಲ್ಲ. "ಅಣ್ಣನ ಹತ್ರ ಮಾತಾಡ್ಬೇಕು ಅತ್ತಿಗೆ."

"ಮಾತಾಡು. ಅಲ್ಲಿ ಹತ್ತು ಜನರ ಎದುರಿಗೆ ಮಾತಾಡಿದೋಳು, ಇಲ್ಲಿ ಮಾತಾಡೋದಕ್ಕೆ ಏನು ಕಷ್ಟ?"

ಮೇಷ್ಟ್ರು ಕಿಟಕಿಯ ಹತ್ತಿರ ಕೂತಿದ್ದರು. ತಿರುಗಲಿಲ್ಲ. "ಬೊಂಬೆಗೆ ಕಣೇ," ಅಂದರು. "ಜೀವ ಇಲ್ಲದ ರಬ್ಬರ್ ಬೊಂಬೆಗೆ ಒತ್ತಡ ಸಾಲದೆ ಹೋದ್ರೆ ಯಾರು ಸಾಯ್ತಿದ್ರು? ಇನ್ನೊಂದು ಕ್ಷಣ ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅಲ್ಲಿ ಪಾಸಾಗಿದ್ರೆ ನಾಳೆಯಿಂದ ನಿನ್ನ ಕೈ ಕೆಳಗೆ ಬೊಂಬೆ ಇರ್ತಿರಲಿಲ್ಲ ಅಣ್ಣ."

"ನಾಳೆ ನೀನಿರ್ತಿದ್ದೆಯಲ್ಲ ಜೊತೆಗೆ. ಇಷ್ಟು ದಿನ ಇರ್ಲಿಲ್ವಾ?"

"ಇದ್ದೆ. ಆ ದರ್ಜಿಯ ಮೆಟ್ಟಿಲ ಮೇಲೂ ಇದ್ದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅವತ್ತು ನಿನ್ನ ಕೈ ಹಿಡಿದು ಎಬ್ಬಿಸಬೇಕಿತ್ತು. ನೀನು ಬೇಡ ಅಂದೆ, ನಾನು ಸುಮ್ಮನಾದೆ."

"ಅವನು ನಾವು ಹೋಗೋ ಮೊದಲೇ ಹೋಗಿದ್ದ. ಡಾಕ್ಟರೇ ಹೇಳಿದ್ರು."

"ಅನ್ಸುತ್ತೆ ಅಂದ್ರು."

ಹೆಂಡತಿ ಗಂಡನ ಮುಖ ನೋಡಿದಳು. ದರ್ಜಿಯ ಸಂಗತಿ ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಆ ನೋಟವನ್ನು ಮೇಷ್ಟ್ರು ತಡೆದುಕೊಳ್ಳಲಾರದೆ ಎದ್ದರು.

"ನಡಿ ಇಲ್ಲಿಂದ," ಅಂದರು ತಂಗಿಗೆ. "ಅಡುಗೆಮನೆ ಬಾಗಿಲಲ್ಲಿ ಕೂತು ಅಳ್ತಿದ್ದೋಳನ್ನ ಎಬ್ಬಿಸಿ ಕರ್ಕೊಂಡು ಹೋದೆನಲ್ಲ, ನನ್ನ ಬುದ್ಧಿಗೆ ಹೊಡ್ಕೋಬೇಕು."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವಳು ಅತ್ತಿಗೆಗೆ, "ಆಪರೇಷನ್ ಮಾಡಿಸಿ ಅತ್ತಿಗೆ, ಹೇಗಾದ್ರೂ ಒಪ್ಪಿಸಿ," ಅಂದಿದ್ದು ಮೇಷ್ಟ್ರಿಗೆ ಒಳಗೆ ಕೇಳಿಸಿತು.

ಅವರು ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಈಗ ಯಾವ ಸುಖಕ್ಕೆ ಅಂದರು. ಹೆಂಡತಿ ಮುಲಾಮು ತಿಕ್ಕುವುದನ್ನು ಬಿಡಲಿಲ್ಲ, ಆದರೆ ತಿಕ್ಕುವಾಗ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಮಾತ್ರ, ಮುಲಾಮಿನ ಮುಚ್ಚಳ ತಿರುಗಿಸುತ್ತಾ, "ಆ ದರ್ಜಿಗೆ ಮಗಳೊಬ್ಬಳೇನಾ?" ಅಂತ ಕೇಳಿದಳು. ಮೇಷ್ಟ್ರು, "ಗೊತ್ತಿಲ್ಲ," ಅಂದರು. ಕಂಬಿ ಹಿಡಿದು ನಿಂತಿದ್ದ ಹುಡುಗಿ ಕಣ್ಣ ಮುಂದೆ ಬಂದಳು. ಇಲ್ಲಿಯವರೆಗೂ ಬೇರೆಯವರ ಹತ್ತಿರ ಹೋಗಲಿ, ತಮಗೆ ತಾವೂ ಹೇಳಿಕೊಂಡಿರದ ಒತ್ತಡ ಸಾಲದೆಂದು ಅಂಗೈಗೆ ಗೊತ್ತಿದ್ದ ಆ ವಿಷಯ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಹೆಂಡತಿ ದೀಪ ಆರಿಸಿ ಒಳಗೆ ಹೋದಳು.

ಠಾಣೆಯಲ್ಲಿ ಹೊಸಬರಿಗೆ ಕಲಿಸುವ ಕೆಲಸವನ್ನು ತಂಗಿಗೆ ಕೊಟ್ಟರು. ಕಂಟ್ರೋಲ್ ರೂಮಿನ ಗಾಜಿನಾಚೆ ಅವಳು ಅಂಗಳದಲ್ಲಿ ನಿಂತು ಯಾರನ್ನೋ ಬೈಯುವುದು ಮೇಷ್ಟ್ರಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ವೈರ್‌ಲೆಸ್‌ನಲ್ಲಿ ಮಾತ್ರ ದಿನವಿಡೀ ಅವಳ ಧ್ವನಿ. ಗಾಡಿ ಹೊರಟಿತು, ಗಾಡಿ ತಲುಪಿತು, ರೋಗಿಯನ್ನು ಒಪ್ಪಿಸಿದ್ದಾಯಿತು. ಮೇಷ್ಟ್ರು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಡ್ಯೂಟಿಯ ಮಾತು ಬಿಟ್ಟು ಒಂದು ಅಕ್ಷರ ಹೆಚ್ಚಿಲ್ಲ.

ಒಂದು ಮಧ್ಯಾಹ್ನ ಫೋನುಗಳೆಲ್ಲ ತಣ್ಣಗಿದ್ದ ಹೊತ್ತಿನಲ್ಲಿ ವೈರ್‌ಲೆಸ್ ಗುರುಗುಟ್ಟಿತು, ತಂಗಿಯ ಧ್ವನಿ.

"ಕಂಟ್ರೋಲ್, ಮೂರನೇ ಗಾಡಿ. ಪೇಷಂಟ್‌ನ ಒಪ್ಪಿಸಿದ್ದೀವಿ. ಖಾಲಿ ಇದ್ದೀವಿ."

"ಸರಿ, ಮೂರನೇ ಗಾಡಿ."

ಅವಳು ಮತ್ತೆ ಮೈಕಿನ ಗುಂಡಿ ಒತ್ತಿ ಹಿಡಿದಳು. ಗಾಡಿಯ ಇಂಜಿನ್ನಿನ ಸದ್ದು, ಡ್ರೈವರ್ ರೇಡಿಯೋ ಯಾರಿಗೋ ಏನೋ ಹೇಳುತ್ತಿದ್ದುದು, ಅವಳು ಉಸಿರೆಳೆದುಕೊಂಡಿದ್ದು, ಎಲ್ಲ ಕೇಳಿಸಿತು. ಆಮೇಲೆ ಬಹಳ ಮೆಲ್ಲಗೆ, "ಅಣ್ಣ, ಊಟ ಆಯ್ತಾ?"

ಪಕ್ಕದ ಮೇಜಿನವರು ತಲೆ ತಗ್ಗಿಸಿ ಏನೋ ಬರೆಯುವವರಂತೆ ಮಾಡಿದರು. ಮೇಷ್ಟ್ರು ಮೈಕನ್ನು ಎಡಗೈಯಲ್ಲಿ ಹತ್ತಿರ ಎಳೆದುಕೊಂಡರು.

"ಮೂರನೇ ಗಾಡಿ, ಲೈನ್ ಖಾಲಿ ಬಿಡಿ," ಅಂದರು.

ಹುಟ್ಟಿದಾಗಿನಿಂದ ಅವಳಿಗೆ ಬಹುವಚನ ಹಾಕಿದ್ದು ಅದೇ ಮೊದಲು. ಆ ಕಡೆಯಿಂದ, "ಸರಿ ಸರ್," ಅಂತ ಬಂತು, ಲೈನ್ ಖಾಲಿಯಾಯಿತು.